ಅಪ್ಪ ಮೊದಲು ಏನು ಕೆಲಸ ಮಾಡುತ್ತಿದ್ದರು?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನಮ್ಮ ತಂದೆಗೆ 71 ವರ್ಷ. 1981ರಿಂದ 1999ರವರೆಗೆ ಸಿಮೆಂಟ್ ಶೀಟ್ ಮಾಡುವ ಫ್ಯಾಕ್ಟರಿಯಲ್ಲಿದ್ದರು. ಮೂಟೆ ಕುಯ್ದು ಮಿಷಿನ್ನಿಗೆ ಸುರಿಯುವ ಕೆಲಸ. ಆಮೇಲೆ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ. ನಾಲ್ಕು ವರ್ಷದಿಂದ ಒಣ ಕೆಮ್ಮು ಇದೆ. ಮೊದಲು ಮಹಡಿ ಹತ್ತಿದರೆ ಏದುಸಿರು ಬರುತ್ತಿತ್ತು. ಈಗ ಸ್ನಾನ ಮಾಡಿ ಪಂಚೆ ಉಡುವಷ್ಟರಲ್ಲೇ ಸುಸ್ತಾಗಿ ಕೂತುಬಿಡುತ್ತಾರೆ. ಎರಡು ಸಲ ಟಿ.ಬಿ. ಮಾತ್ರೆ ಕೊಟ್ಟರು. ಕಫದ ಪರೀಕ್ಷೆಯಲ್ಲಿ ಒಮ್ಮೆಯೂ ಟಿ.ಬಿ. ಸಿಕ್ಕಿಲ್ಲ. ಈಗಿನ ಎಕ್ಸ್‌ರೇ ರಿಪೋರ್ಟಿನಲ್ಲಿ ‘ಎರಡೂ ಕಡೆ ಪ್ಲೂರಲ್ ಕ್ಯಾಲ್ಸಿಫಿಕೇಷನ್’ ಎಂದಿದೆ. ಇದು ಕ್ಯಾನ್ಸರಾ? ಇನ್ನೊಂದು ಭಯವಿದೆ. ನಾವು ಚಿಕ್ಕವರಿದ್ದಾಗ ಅಪ್ಪ ಮೈತುಂಬ ಬಿಳಿ ಧೂಳು ಮೆತ್ತಿಕೊಂಡು ಬರುತ್ತಿದ್ದರು. ಬಾಗಿಲಲ್ಲೇ ನಾನು, ತಮ್ಮ ಅವರ ಕಾಲಿಗೆ ಸುತ್ತಿಕೊಳ್ಳುತ್ತಿದ್ದೆವು. ಅಮ್ಮ ಆ ಬಟ್ಟೆ ಒಗೆಯುತ್ತಿದ್ದರು. ನಮಗೂ ಏನಾದರೂ ಆಗುತ್ತಾ?
– ಹೆಸರು ಬೇಡ, ರಾಜಗೋಪಾಲನಗರ, ಬೆಂಗಳೂರು

ಉತ್ತರ: ನಿಮ್ಮ ಪತ್ರದ ಜೊತೆ ತಂದೆಯ ಹಳೆಯ ಚೀಟಿಗಳ ನಕಲು ಇತ್ತು. ಎಲ್ಲವನ್ನೂ ಓದಿದೆ. ಮೂರು ಕಡೆಯ ಚೀಟಿಯಲ್ಲೂ ‘ಉದ್ಯೋಗ’ ಎಂಬಲ್ಲಿ ‘ಸೆಕ್ಯುರಿಟಿ ಗಾರ್ಡ್’ ಎಂದಷ್ಟೇ ಬರೆದಿದ್ದಾರೆ. ಹದಿನೆಂಟು ವರ್ಷ ಮೂಟೆ ಕುಯ್ದದ್ದು ಎಲ್ಲಿಯೂ ಇಲ್ಲ. ಎಡವಿದ್ದು ಅಲ್ಲೇ ಅನ್ನಿಸುತ್ತದೆ.

ಆ ಡಾಕ್ಟರುಗಳನ್ನು ದೂರಲು ನನಗೆ ಬಾಯಿಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಇದೇ ತಪ್ಪು ಮಾಡಿದ್ದೇನೆ. ಕೆಮ್ಮುತ್ತಾ ಬಂದ ಒಬ್ಬ ಹಿರಿಯರನ್ನು ‘ಏನು ಮಾಡಿಕೊಂಡಿದ್ದೀರಿ’ ಎಂದು ಕೇಳಿದೆ. ‘ಏನಿಲ್ಲಮ್ಮ, ಮನೇಲೇ ಇದ್ದೀನಿ’ ಅಂದರು. ‘ನಿವೃತ್ತ’ ಎಂದು ಬರೆದು ಮುಂದಕ್ಕೆ ಹೋದೆ. ಟಿ.ಬಿ. ಮಾತ್ರೆ ಆರು ತಿಂಗಳು ನುಂಗಿದರು, ಗುಣವಾಗಲಿಲ್ಲ. ಕೊನೆಗೆ ಅವರ ಹೆಂಡತಿ ಹೇಳಿದರು, ‘ಬಾಯ್ಲರ್ ಪೈಪಿಗೆ ಬಿಳಿ ಹಗ್ಗ ಸುತ್ತುತ್ತಿದ್ದರು, ಇಪ್ಪತ್ತು ವರ್ಷ’ ಅಂತ. ನಾನು ಕೇಳಬೇಕಾಗಿದ್ದನ್ನು ಆ ತಾಯಿ ತಾವಾಗಿ ಹೇಳಬೇಕಾಯಿತು. ಅವತ್ತಿನಿಂದ ನನ್ನ ಮುಂದೆ ಕೂತ ಪ್ರತಿಯೊಬ್ಬರನ್ನೂ ಮೊದಲ ಸಂಬಳದ ದಿನದಿಂದ ಕೇಳಿಕೊಂಡು ಬರುತ್ತೇನೆ.

ಈಗ ನಿಮ್ಮ ತಂದೆಯ ವಿಷಯ. ಅವರು ಕುಯ್ಯುತ್ತಿದ್ದ ಮೂಟೆಯಲ್ಲಿ ಇದ್ದದ್ದು ಆಸ್ಬೆಸ್ಟಾಸ್. ನಮ್ಮವರು ಇದಕ್ಕೆ ಕಲ್ನಾರು ಎಂದು ಹೆಸರಿಟ್ಟರು. ಕಲ್ಲು ಹೌದು, ನಾರೂ ಹೌದು. ಬೆಂಕಿಗೆ ಸುಡುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ. ಶೀಟು, ಪೈಪು, ಬ್ರೇಕ್ ಲೈನಿಂಗ್ ಎಲ್ಲದಕ್ಕೂ ಬಳಸಿದ್ದು ಅದಕ್ಕೇ. ಶ್ವಾಸಕೋಶಕ್ಕೆ ತೊಂದರೆ ಕೊಡುವುದೂ ಅದೇ ಗುಣ. ಕೂದಲಿಗಿಂತ ಎಷ್ಟೋ ಪಾಲು ಸಣ್ಣ ಎಳೆಗಳು ಉಸಿರಿನ ಜೊತೆ ತೀರಾ ಒಳಗೆ ಹೋಗುತ್ತವೆ. ಧೂಳನ್ನು ನುಂಗಿ ಹಾಕುವ ರಕ್ಷಣಾ ಕಣಗಳು ನಮ್ಮ ಶ್ವಾಸಕೋಶದಲ್ಲಿವೆ. ಉದ್ದದ ಎಳೆ ಅವುಗಳ ಬಾಯಿಗೆ ಹಿಡಿಸುವುದಿಲ್ಲ. ಎಳೆ ಅಲ್ಲೇ ಉಳಿಯುತ್ತದೆ, ಸುತ್ತ ಉರಿಯೂತ ಆಗುತ್ತದೆ, ವಾಸಿಯಾದ ಜಾಗದಲ್ಲಿ ಗಟ್ಟಿ ಕಲೆ ಕೂರುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಸ್ಪಂಜಿನ ಹಾಗಿದ್ದ ಶ್ವಾಸಕೋಶ ಒಣಗಿದ ಹೀರೇಕಾಯಿಯ ಹಾಗೆ ಬಿರುಸಾಗುತ್ತದೆ. ಇದೇ ಆಸ್ಬೆಸ್ಟೋಸಿಸ್. ಸಾಮಾನ್ಯವಾಗಿ ಧೂಳು ಕುಡಿಯಲು ಶುರುವಾಗಿ ಹತ್ತಿಪ್ಪತ್ತು ವರ್ಷ, ಕೆಲವರಿಗೆ ಇನ್ನೂ ತಡವಾಗಿ, ತೊಂದರೆ ಕಾಣುತ್ತದೆ. ಕೆಲಸ ಬಿಟ್ಟರೂ ಒಳಗಿನ ಎಳೆ ಬಿಡುವುದಿಲ್ಲ. ಅದಕ್ಕೇ 1999ರಲ್ಲಿ ಬಿಟ್ಟ ಕೆಲಸ ಈಗ ಬಂದು ಕಾಡುತ್ತಿರಬಹುದು.

ನೀವು ಕೇಳಿದ ‘ಪ್ಲೂರಲ್ ಕ್ಯಾಲ್ಸಿಫಿಕೇಷನ್’ ಕ್ಯಾನ್ಸರ್ ಅಲ್ಲ. ಮೊದಲು ಈ ಭಯ ಬಿಡಿ. ಶ್ವಾಸಕೋಶದ ಹೊರಗೆ ಒಂದು ತೆಳು ಪೊರೆ ಇದೆ. ಆ ಪೊರೆಯ ಮೇಲೆ ಅಲ್ಲಲ್ಲಿ ದಪ್ಪ ಬಿಲ್ಲೆಗಳು ಕಟ್ಟಿ, ಸುಣ್ಣ ಸೇರಿ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತವೆ. ಟಿ.ಬಿ. ವಾಸಿಯಾದವರಿಗೂ ಸುಣ್ಣ ಕಟ್ಟುತ್ತದೆ. ಆದರೆ ಅದು ಹೆಚ್ಚಾಗಿ ಒಂದೇ ಕಡೆ. ಎರಡೂ ಕಡೆ, ಅದರಲ್ಲೂ ಕೆಳಗೆ ವಪೆಯ (ಎದೆ, ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಮೇಲೆ ಕಂಡರೆ ಕಲ್ನಾರಿನ ಅನುಮಾನ ಬಲವಾಗುತ್ತದೆ. ಆ ಬಿಲ್ಲೆಗಳಿಂದಲೇ ಸಾಮಾನ್ಯವಾಗಿ ತೊಂದರೆ ಇಲ್ಲ. ಧೂಳು ಒಳಗೆ ಹೋಗಿತ್ತು ಎನ್ನುವುದಕ್ಕೆ ಅವು ಸಾಕ್ಷಿ, ಅಷ್ಟೆ. ಏದುಸಿರಿಗೆ ಕಾರಣ ಬಿಲ್ಲೆ ಅಲ್ಲ, ಒಳಗಿನ ಕಲೆ ಇರಬೇಕು ಎಂದು ನನ್ನ ಊಹೆ. ಅದನ್ನು ಪರೀಕ್ಷೆ ಮಾಡಿಯೇ ಹೇಳಬೇಕು.

ಮನೆಯಲ್ಲೇ ಒಂದು ಸಂಗತಿ ನೋಡಿ. ತಂದೆಗೆ ಎರಡೂ ತೋರುಬೆರಳಿನ ಉಗುರನ್ನು ಒಂದಕ್ಕೊಂದು ಬೆನ್ನು ತಾಗಿಸಿ ಹಿಡಿಯಲು ಹೇಳಿ. ಉಗುರಿನ ಬುಡದಲ್ಲಿ ಸಣ್ಣ ವಜ್ರದಾಕಾರದ ಸಂದು ಕಾಣಬೇಕು. ಆ ಸಂದು ಮುಚ್ಚಿಹೋಗಿ, ಬೆರಳ ತುದಿ ಉಬ್ಬಿ, ಉಗುರು ಗಿಣಿಕೊಕ್ಕಿನಂತೆ ಬಾಗಿದ್ದರೆ ಡಾಕ್ಟರಿಗೆ ತಪ್ಪದೆ ತೋರಿಸಿ. ಶ್ವಾಸಕೋಶದ ಬೇರೆ ಕಾಯಿಲೆಗಳಲ್ಲೂ, ಹೃದಯದ ಕೆಲವು ಕಾಯಿಲೆಗಳಲ್ಲೂ ಹೀಗಾಗುತ್ತದೆ. ಹಾಗಾಗಿ ಇದೊಂದರಿಂದಲೇ ತೀರ್ಮಾನ ಬೇಡ. ಡಾಕ್ಟರು ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟು ದೀರ್ಘವಾಗಿ ಉಸಿರೆಳೆಯಲು ಹೇಳುತ್ತಾರೆ. ಶಾಲೆ ಬ್ಯಾಗಿನ ವೆಲ್ಕ್ರೋ ಪಟ್ಟಿ ಕಿತ್ತಾಗ ಚರ್ರ್ ಅನ್ನುತ್ತದಲ್ಲ, ಈ ಕಾಯಿಲೆಯಲ್ಲಿ ಉಸಿರೆಳೆದ ಕೊನೆಗೆ ಅಂಥ ಸದ್ದು ಕೇಳಿಸುತ್ತದೆ.

ಆಮೇಲೆ ಎಚ್‌ಆರ್‌ಸಿಟಿ ಸ್ಕ್ಯಾನ್. ಸಾದಾ ಎಕ್ಸ್‌ರೇಗೆ ಸಿಗದ ಸಣ್ಣ ಕಲೆಯೂ ಇದರಲ್ಲಿ ಸಿಗುತ್ತದೆ. ಅಂಗಾತ ಮಲಗಿಸಿ ಮಾತ್ರ ಅಲ್ಲ, ಬೋರಲು ಮಲಗಿಸಿಯೂ ತೆಗೆಯುತ್ತಾರಾ ಎಂದು ಕೇಳಿ. ಅಂಗಾತ ಮಲಗಿದಾಗ ಆರೋಗ್ಯವಂತರ ಶ್ವಾಸಕೋಶದ ಹಿಂಭಾಗವೂ ಭಾರಕ್ಕೆ ಅಮುಕಿ ಮಬ್ಬಾಗಿ ಕಾಣುತ್ತದೆ. ಬೋರಲಾದಾಗಲೂ ಆ ಮಬ್ಬು ಹಾಗೇ ಉಳಿದರೆ ಅದು ಕಲೆ. ಜೊತೆಗೆ ಊದಿಸುವ ಪರೀಕ್ಷೆ, ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ಚೆನ್ನಾಗಿ ದಾಟುತ್ತದೆ ಎಂದು ಅಳೆಯುವ ಡಿಎಲ್‌ಸಿಒ ಎಂಬ ಪರೀಕ್ಷೆ, ಆರು ನಿಮಿಷ ನಡೆಸಿ ಆಮ್ಲಜನಕ ಎಷ್ಟು ಇಳಿಯುತ್ತದೆ ಎಂದು ನೋಡುವುದು. ಕೆಲಸದ ವಿವರ ಸರಿಯಾಗಿದ್ದು, ಸ್ಕ್ಯಾನ್ ಕೂಡ ಅದಕ್ಕೆ ಹೊಂದಿದರೆ ಬಯಾಪ್ಸಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನಿಮ್ಹಾನ್ಸ್ ಪಕ್ಕದಲ್ಲಿರುವ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಸರ್ಕಾರದ್ದು. ಅಲ್ಲಿಗೆ ಕರೆದುಕೊಂಡು ಹೋಗಿ.

ಔಷಧಿಯ ಬಗ್ಗೆ ನಿಮ್ಮನ್ನು ಸುಮ್ನೆ ಸಮಾಧಾನ ಪಡಿಸುವುದಿಲ್ಲ. ಕೂತ ಕಲೆಯನ್ನು ಕರಗಿಸುವ ಮಾತ್ರೆ ಇಲ್ಲ. ಸ್ಟೀರಾಯ್ಡ್ ಇದಕ್ಕೆ ಕೆಲಸ ಮಾಡುವುದಿಲ್ಲ. ಯಾರಾದರೂ ತಿಂಗಳುಗಟ್ಟಲೆ ಕೊಡುತ್ತಿದ್ದರೆ ಯಾಕೆ ಎಂದು ಕೇಳಿ. ಆದರೆ ತಾವಾಗಿ ತಟ್ಟನೆ ನಿಲ್ಲಿಸಬೇಡಿ. ಕಲೆ ಬೇಗ ಬೇಗ ಹೆಚ್ಚುತ್ತಿದ್ದರೆ ಅದರ ವೇಗ ಇಳಿಸುವ ನಿಂಟೆಡಾನಿಬ್ ಎಂಬ ಔಷಧಿ ಕೆಲವರಿಗೆ ಕೊಡುತ್ತಾರೆ. ಉಳಿದದ್ದೆಲ್ಲ ಇರುವ ಉಸಿರನ್ನು ಕಾಪಾಡಿಕೊಳ್ಳುವ ಕೆಲಸ. ಪ್ರತಿ ವರ್ಷ ಫ್ಲೂ ಲಸಿಕೆ, ಜೊತೆಗೆ ನ್ಯುಮೋನಿಯಾ ಲಸಿಕೆ ಹಾಕಿಸಿ. ಆಮ್ಲಜನಕ ತೀರಾ ಇಳಿದಿದ್ದರೆ ಮನೆಗೆ ಆಕ್ಸಿಜನ್ ಮಿಷಿನ್ ಬರೆದುಕೊಡುತ್ತಾರೆ. ಎಷ್ಟಕ್ಕೆ ಇಡಬೇಕೆಂದು ಹೇಳಿದ್ದಾರೋ ಅಷ್ಟಕ್ಕೇ ಇಡಿ. ಫಿಸಿಯೋಥೆರಪಿಯವರ ಹತ್ತಿರ ಉಸಿರಾಟದ ವ್ಯಾಯಾಮ, ನಡಿಗೆ ಕಲಿಸಿ. ಏದುಸಿರಿಗೆ ಹೆದರಿ ಮಂಚ ಹಿಡಿದವರು ಬೇಗ ಕುಗ್ಗುತ್ತಾರೆ, ನಾನು ಕಂಡಿದ್ದೇನೆ. ಕುರ್ಚಿಯ ಮೇಲೆ ಕೂತು ಸ್ನಾನ ಮಾಡಲಿ. ಪಂಚೆಯನ್ನೂ ಕೂತೇ ಸುತ್ತಿಕೊಂಡು ಕೊನೆಗೆ ಎದ್ದು ಗಂಟು ಹಾಕಲಿ. ಇಂಥ ಸಣ್ಣ ಬದಲಾವಣೆಯಿಂದ ದಿನ ಎಷ್ಟೋ ಹಗುರಾಗುತ್ತದೆ.

ಬೀಡಿ ಸೇದುತ್ತಾರಾ? ಪತ್ರದಲ್ಲಿ ಬರೆದಿಲ್ಲ. ಸೇದುತ್ತಿದ್ದರೆ ಇವತ್ತೇ ನಿಲ್ಲಿಸಬೇಕು. ಕಲ್ನಾರು ಒಂದೇ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಬೀಡಿ ಸಿಗರೇಟು ಸೇರಿದರೆ ಅಪಾಯ ಹಲವು ಪಟ್ಟು ಏರುತ್ತದೆ. ‘ಈ ವಯಸ್ಸಲ್ಲಿ ಬಿಟ್ಟು ಏನಾಗಬೇಕು’ ಅನ್ನುತ್ತಾರೆ, ಗೊತ್ತು. ಬಿಟ್ಟರೆ ಯಾವ ವಯಸ್ಸಿನಲ್ಲೂ ಲಾಭವಿದೆ. ಪೊರೆಯಲ್ಲೇ ಹುಟ್ಟುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಬೇರೆ. ಅದಕ್ಕೂ ಬೀಡಿಗೂ ಸಂಬಂಧವಿಲ್ಲ. ಅಪರೂಪದ್ದು, ಆದರೆ ಕ್ರೂರವಾದದ್ದು. ಇಪ್ಪತ್ತರಿಂದ ಐವತ್ತು ವರ್ಷದ ನಂತರವೂ ಬರಬಹುದು. ಎದೆಯ ಒಂದೇ ಕಡೆ ಬಿಡದ ನೋವು, ಪದೇ ಪದೇ ನೀರು ತುಂಬುವುದು, ತೂಕ ಇಳಿಯುವುದು ಅದರ ಸುಳಿವು. ಅದಕ್ಕೆ ಪೊರೆಯ ಚೂರು ತೆಗೆದು ಪರೀಕ್ಷೆ ಮಾಡಲೇಬೇಕು. ತೆಗೆದ ನೀರು ಮಾತ್ರ ಪರೀಕ್ಷಿಸಿದರೆ ಎಷ್ಟೋ ಸಲ ಗೊತ್ತಾಗುವುದಿಲ್ಲ. ಕೀಮೋಥೆರಪಿ, ಇಮ್ಯುನೋಥೆರಪಿ, ನೀರು ಮತ್ತೆ ತುಂಬದ ಹಾಗೆ ಮಾಡುವ ಚಿಕಿತ್ಸೆ ಇವೆ. ಇವು ಆಯಸ್ಸನ್ನು ಸ್ವಲ್ಪ ಹೆಚ್ಚಿಸುತ್ತವೆ, ನೋವು ಇಳಿಸುತ್ತವೆ. ಅಂಥ ಅನುಮಾನ ಬಂದರೆ ತಡಮಾಡದೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕು. ನಿಮ್ಮ ತಂದೆಗೆ ಈ ಲಕ್ಷಣಗಳು ಇವೆ ಎಂದು ನೀವು ಬರೆದಿಲ್ಲ.

ಇನ್ನು ಅಮ್ಮ, ನೀವು, ತಮ್ಮ. ನಿಮ್ಮ ಭಯ ಸುಳ್ಳಲ್ಲ. 1960ರಲ್ಲಿ ದಕ್ಷಿಣ ಆಫ್ರಿಕಾದ ಡಾಕ್ಟರುಗಳು 33 ಮೀಸೋಥೀಲಿಯೋಮಾ ರೋಗಿಗಳ ಬಗ್ಗೆ ಬರೆದರು. ಹೆಚ್ಚಿನವರು ನೀಲಿ ಕಲ್ನಾರಿನ ಗಣಿ ಸೀಮೆಯ ನಂಟಿದ್ದವರು. ಎಲ್ಲರೂ ಗಣಿಗೆ ಇಳಿದವರಲ್ಲ. ಸುಮ್ಮನೆ ಆ ಊರಲ್ಲಿ ಬೆಳೆದವರೂ ಇದ್ದರು. ಕೆಲಸಗಾರರ ಬಟ್ಟೆ ಒಗೆದ ಹೆಂಡತಿಯರಿಗೆ ಬಂದದ್ದೂ ಆಮೇಲೆ ದಾಖಲಾಗಿದೆ. ಆದರೂ ನಿಮ್ಮ ತಂದೆಗೆ ಹೋದಷ್ಟು ಧೂಳು ನಿಮಗೆ ಹೋಗಿಲ್ಲ. ಬಟ್ಟೆಯ ಧೂಳು ತಾಕಿದವರಲ್ಲಿ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ವರ್ಷ ವರ್ಷ ಸ್ಕ್ಯಾನ್ ಬೇಡ. ಅಮ್ಮನಿಗೆ ಒಮ್ಮೆ ಎಕ್ಸ್‌ರೇ ಮಾಡಿಸಿ ಇಟ್ಟುಕೊಳ್ಳಿ. ಮುಂದೆ ಯಾವತ್ತಾದರೂ ಬಿಡದ ಕೆಮ್ಮು, ಎದೆನೋವು ಬಂದರೆ ‘ಮನೆಯಲ್ಲಿ ಆ ಬಟ್ಟೆ ಒಗೆಯುತ್ತಿದ್ದರು’ ಎಂಬ ಮಾತನ್ನು ಡಾಕ್ಟರಿಗೆ ಮೊದಲು ಹೇಳಿ.

ಒಂದು ಭಾನುವಾರ ನೋಟ್‌ಬುಕ್ ಹಿಡಿದು ತಂದೆಯ ಹತ್ತಿರ ಕೂತುಕೊಳ್ಳಿ. ಯಾವ ವರ್ಷ, ಯಾವ ಸೆಕ್ಷನ್, ದಿನಕ್ಕೆ ಎಷ್ಟು ಮೂಟೆ, ಮಾಸ್ಕ್ ಕೊಟ್ಟಿದ್ದರಾ, ಜೊತೆಗಿದ್ದವರು ಯಾರು, ಬರೆದುಕೊಳ್ಳಿ. ಇಎಸ್‌ಐ ನಂಬರು, ಪಿ.ಎಫ್. ಚೀಟಿ, ಸಂಬಳದ ಚೀಟಿ ಟ್ರಂಕಿನಲ್ಲಿ ಇದ್ದರೆ ತೆಗೆದಿಡಿ. ಇದು ಚಿಕಿತ್ಸೆಗೂ ಬೇಕು, ಪರಿಹಾರಕ್ಕೂ ಬೇಕು. ಆಸ್ಬೆಸ್ಟೋಸಿಸ್ ಕಾನೂನಿನ ಪ್ರಕಾರ ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿಯಲ್ಲಿದೆ. 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಆಸ್ಬೆಸ್ಟಾಸ್ ಫ್ಯಾಕ್ಟರಿಗಳು ಪ್ರತಿ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಟ್ಟಿರಬೇಕು. ಕಾಯಿಲೆ ಖಚಿತವಾದರೆ ಇಎಸ್‌ಐ ಕಚೇರಿಯಲ್ಲಿ ಲಿಖಿತವಾಗಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಿ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಅಲ್ಲಿದೆ. ಕಾರ್ಮಿಕರಿಗೆ ಉಚಿತ ಕಾನೂನು ನೆರವು ಹಕ್ಕಾಗಿ ಸಿಗುತ್ತದೆ. ಹಳೆಯ ಸಹೋದ್ಯೋಗಿಗಳ ಪಟ್ಟಿ ಮಾಡಿದಾಗ ಅವರಿಗೂ ಒಂದು ಫೋನ್ ಮಾಡಿ. ಅವರಲ್ಲೂ ಯಾರೋ ಟಿ.ಬಿ. ಮಾತ್ರೆ ನುಂಗುತ್ತಾ ಕೂತಿರಬಹುದು.

ಪ್ರಶ್ನೆ: ಲಗ್ಗೆರೆಯಲ್ಲಿ ಶೀಟ್ ಮನೆಯಲ್ಲಿ ಬಾಡಿಗೆಗಿದ್ದೇವೆ. ಮಗುವಿಗೆ ಎರಡು ವರ್ಷ. ಈ ಶೀಟಿನಿಂದ ಕ್ಯಾನ್ಸರ್ ಬರುತ್ತದೆ ಎಂದು ಮೊಬೈಲಿನಲ್ಲಿ ನೋಡಿದೆ. ಮನೆ ಖಾಲಿ ಮಾಡಬೇಕಾ?

ಉತ್ತರ: ಬೇಡಮ್ಮ. ಶೀಟಿನಲ್ಲಿ ಕಲ್ನಾರು ಇದ್ದರೂ ಅದು ಸಿಮೆಂಟಿನ ಒಳಗೆ ಕಚ್ಚಿಕೊಂಡಿರುತ್ತದೆ. ಒಡೆಯದ ಶೀಟಿನ ಕೆಳಗೆ ಮಲಗಿದರೆ ಅಪಾಯ ತೀರಾ ಕಡಿಮೆ. ಕುಯ್ದಾಗ, ತೂತು ಕೊರೆದಾಗ, ಒಡೆದಾಗ, ಉಜ್ಜಿದಾಗ ಎಳೆ ಗಾಳಿಗೆ ಬರುತ್ತದೆ. ಬೇಸಿಗೆಯಲ್ಲಿ ಬಿಸಿ ತಡೆಯಲು ಸುಣ್ಣ ಹೊಡೆಸುತ್ತೀರಲ್ಲ, ಆಗ ತಂತಿ ಬ್ರಷ್‌ನಿಂದ ಪಾಚಿ ಕೆರೆಸಬೇಡಿ. ಹೊಸ ಫ್ಯಾನಿಗೋ ಚಿಮಣಿಗೋ ತೂತು ಹೊಡೆಸುವುದಾದರೆ ಮಗುವನ್ನು ಪಕ್ಕದ ಮನೆಗೆ ಕಳಿಸಿ, ಜಾಗಕ್ಕೆ ನೀರು ಚಿಮುಕಿಸಿ, ಬಿದ್ದ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ. ಒಡೆದ ಶೀಟು ಇದ್ದರೆ ಮಾಲೀಕರಿಗೆ ಹೇಳಿ ಇಡೀ ಶೀಟನ್ನೇ ಇಳಿಸಿ ಬದಲಾಯಿಸಲಿ. ಚೂರನ್ನು ಚರಂಡಿ ಮುಚ್ಚಲು, ಬಚ್ಚಲಿಗೆ ಹಾಸಲು ಇಟ್ಟುಕೊಳ್ಳಬೇಡಿ. ಶೀಟ್ ಇಳಿಸುವ ಆಳುಗಳಿಗೇ ಅಪಾಯ ಜಾಸ್ತಿ. ಬಟ್ಟೆಯ ಮಾಸ್ಕಾಗಲಿ ಸರ್ಜಿಕಲ್ ಮಾಸ್ಕಾಗಲಿ ಅವರಿಗೆ ಸಾಲದು. ತೀರಾ ಸಣ್ಣ ಎಳೆಯನ್ನೂ ತಡೆಯುವ ಪಿ100 ಎಂಬ ಫಿಲ್ಟರ್ ಇರುವ ಮಾಸ್ಕ್ ಬೇಕು.

60ಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ನಾವು ಈಗಲೂ ಹೊರಗಿನಿಂದ ತರಿಸಿ ಶೀಟು ಮಾಡುತ್ತಿದ್ದೇವೆ. ನಿಲ್ಲಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಅದಕ್ಕಾಗಿ ನೀವು ಇವತ್ತು ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

ಪ್ರಶ್ನೆ: ನನ್ನ ಮಗ 19 ವರ್ಷದವನು. ಜೆ.ಸಿ. ರಸ್ತೆ ಹತ್ತಿರ ಗ್ಯಾರೇಜಿನಲ್ಲಿ ಬ್ರೇಕ್ ಕೆಲಸ ಕಲಿಯುತ್ತಿದ್ದಾನೆ. ದಿನಾ ಕಪ್ಪು ಧೂಳು ಉಗುಳುತ್ತಾನೆ. ಬಿಡಿಸಲಾ?

ಉತ್ತರ: ಕೆಲಸ ಬಿಡಿಸಬೇಡಿ, ಮಾಡುವ ರೀತಿ ಬದಲಾಯಿಸಲಿ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ನೋಡಿ ಗೊತ್ತಾಗುವುದಿಲ್ಲ. ಡ್ರಮ್ ಬಿಚ್ಚಿದ ತಕ್ಷಣ ಏರ್ ಹೊಡೆಯುತ್ತಾರಲ್ಲ, ಅದು ನಿಲ್ಲಬೇಕು. ನೀರು ಅಥವಾ ಬ್ರೇಕ್ ಕ್ಲೀನರ್ ಹಾಕಿ ನೆನೆಸಿ ಒರೆಸಲಿ. ಲೈನಿಂಗನ್ನು ಒಣಗಿರುವಾಗ ಉಜ್ಜುವುದು ಬೇಡ. ಹೊಸ ಲೈನಿಂಗ್ ತರುವಾಗ ‘ಆಸ್ಬೆಸ್ಟಾಸ್ ಇಲ್ಲ’ ಎಂದು ಬರೆದ ಡಬ್ಬಿಯನ್ನೇ ಕೇಳಿ ತರಲಿ. ಗ್ಯಾರೇಜ್ ಬಟ್ಟೆಯನ್ನು ಅಲ್ಲೇ ಕಳಚಿ ಕವರಿನಲ್ಲಿ ಕಟ್ಟಿ ತರಲಿ. ಅದನ್ನು ಕೊಡವದೆ ನೀರಲ್ಲಿ ನೆನೆಸಿ, ಮನೆಯವರ ಬಟ್ಟೆಯ ಜೊತೆ ಸೇರಿಸದೆ ಬೇರೆಯೇ ಒಗೆಯಿರಿ. ಸಿಗರೇಟು ಶುರು ಮಾಡಿದ್ದಾನಾ ಎಂದು ಪ್ರೀತಿಯಿಂದ ಕೇಳಿ. ಯಾವ ತಿಂಗಳಲ್ಲಿ ಈ ಕೆಲಸಕ್ಕೆ ಸೇರಿದ ಎನ್ನುವುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ.