ಜಾಡ್ರೆಲ್ ಬ್ಯಾಂಕ್‌ನಲ್ಲಿ ಕೆಲಸ ಸಿಗುತ್ತಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ಸೆಪ್ಟೆಂಬರ್‌ನಲ್ಲಿ ಸೈನ್ಸ್ ಕಮ್ಯುನಿಕೇಶನ್ ಓದೋಕೆ ಮ್ಯಾಂಚೆಸ್ಟರ್‌ಗೆ ಬರ್ತಿದ್ದೀಯ. ಓದಿನ ಜೊತೆ ಅಲ್ಲೇ ಹತ್ತಿರದ ರೇಡಿಯೋ ವೀಕ್ಷಣಾಲಯ ಜಾಡ್ರೆಲ್ ಬ್ಯಾಂಕ್‌ನಲ್ಲಿ ಪಾರ್ಟ್‌ಟೈಮ್ ಮಾಡಬಹುದಾ, ಆಮೇಲೆ ಅದರಲ್ಲೇ ನೆಲೆ ನಿಲ್ಲಬಹುದಾ ಅಂತ ಕೇಳಿದ್ದೀಯ. ಮೊದಲನೆಯದಕ್ಕೆ ಧಾರಾಳವಾಗಿ ಪ್ರಯತ್ನಪಡು. ಎರಡನೆಯದರ ಬಗ್ಗೆ ಅಕ್ಕ ಸ್ವಲ್ಪ ತಣ್ಣೀರು ಎರಚಬೇಕು.

ಮೊದಲು ಆ ಜಾಗ ಎಂಥದ್ದು ಅಂತ ತಿಳ್ಕೊ. ಅದು ಮ್ಯೂಸಿಯಂ ಅಲ್ಲ. ಮ್ಯಾಂಚೆಸ್ಟರ್ ಯೂನಿವರ್ಸಿಟಿಯವರು ಇವತ್ತಿಗೂ ಸಂಶೋಧನೆ ಮಾಡ್ತಿರೋ ವೀಕ್ಷಣಾಲಯ. ಜನ ಅದರ ಅಂಗಳಕ್ಕೆ ಬರ್ತಾರೆ, ಅಷ್ಟೆ. 1945ರಲ್ಲಿ ಭೌತವಿಜ್ಞಾನಿ ಬರ್ನಾರ್ಡ್ ಲವೆಲ್ ತಮ್ಮ ರೇಡಾರ್ ಸಾಮಾನು ಕಟ್ಕೊಂಡು ಆ ಹಳ್ಳಿಗೆ ಹೋಗಿದ್ದೇ ಮ್ಯಾಂಚೆಸ್ಟರ್ ಊರಿನ ಟ್ರಾಮ್‌ಗಳ ವಿದ್ಯುತ್ ಕಿರಿಕಿರಿ ತಾಳಲಾರದೆ. ಯೂನಿವರ್ಸಿಟಿಯ ಸಸ್ಯಶಾಸ್ತ್ರದವರಿಗೆ ಅಲ್ಲೊಂದು ಜಮೀನಿತ್ತು. ಟ್ರಾಮ್ ಕಾಟ ತಪ್ಪಿತು, ಈಗ ಮೊಬೈಲ್ ಕಾಟ ಬಂದಿದೆ. 76 ಮೀಟರ್ ಅಗಲದ ಲವೆಲ್ ಟೆಲಿಸ್ಕೋಪು 1957ರಿಂದ ಆಕಾಶದ ಕ್ಷೀಣ ರೇಡಿಯೋ ಅಲೆಗಳನ್ನು ಹಿಡೀತಿರುವಾಗ, ಅದರ ಕಾಲಬುಡದಲ್ಲಿ ಶಾಲಾಮಕ್ಕಳ ದಂಡು ಫೋನ್ ಹಿಡ್ಕೊಂಡು ನಿಂತಿರುತ್ತೆ. 'ದಯವಿಟ್ಟು ಆಫ್ ಮಾಡಿ' ಅಂತ ನಗುನಗುತ್ತಾ, ಯಾರಿಗೂ ಬೇಜಾರಾಗದ ಹಾಗೆ ದಿನವಿಡೀ ಹೇಳೋದೇ ಅರ್ಧ ಕೆಲಸ. ಪಲ್ಸಾರ್ (ಗಿರಗಿರ ತಿರುಗುತ್ತಾ ರೇಡಿಯೋ ಮಿಡಿತ ಕಳಿಸೋ ನಕ್ಷತ್ರ) ಬಗ್ಗೆ ಹೇಳೋದು ಅದಾದ ಮೇಲೆ.

ಜೋರು ಗಾಳಿ ಬೀಸಿದರೆ ಟೆಲಿಸ್ಕೋಪಿನ ಬಟ್ಟಲನ್ನು ನೆತ್ತಿಯ ಕಡೆ ತಿರುಗಿಸಿ ನಿಲ್ಲಿಸಿಬಿಡ್ತಾರೆ. ದೂರದಿಂದ ಬಂದವರು 'ಇವತ್ಯಾಕೆ ಅಲ್ಲಾಡ್ತಿಲ್ಲ?' ಅಂತ ಮುಖ ಸಣ್ಣಗೆ ಮಾಡ್ತಾರೆ. ಅಂಥ ದಿನ ಅವರನ್ನು ಪಿಸುಮಾತಿನ ಬಟ್ಟಲುಗಳ ಹತ್ತಿರ ಕರ್ಕೊಂಡು ಹೋಗಬೇಕು. ಎದುರುಬದುರು ದೂರದಲ್ಲಿಟ್ಟ ಎರಡು ಡಿಶ್. ಒಂದರಲ್ಲಿ ಅಜ್ಜಿ ಗುಟ್ಟು ಹೇಳಿದರೆ ಇನ್ನೊಂದರಲ್ಲಿ ಮೊಮ್ಮಗನಿಗೆ ಸ್ಪಷ್ಟವಾಗಿ ಕೇಳುತ್ತೆ. ಬಟ್ಟಲಿನ ಆಕಾರ ಯಾಕೆ ಹಾಗೆ ಅನ್ನೋದು ಅಲ್ಲೇ ಅರ್ಥವಾಗಿಬಿಡುತ್ತೆ, ನೀನು ಬಾಯಿ ಬಿಡಬೇಕಾಗಿಲ್ಲ. ವಿವರಿಸೋ ಚಟ ನಮ್ಮ ಫಿಸಿಕ್ಸ್‌ನವರಿಗೆ ಜಾಸ್ತಿ, ನೋಡು. ಇಲ್ಲಿ ಅದನ್ನು ಅದುಮಿಡಬೇಕು.

ಇಂಟರ್‌ವ್ಯೂನಲ್ಲಿ ನಮ್ಮ ಗೌರಿಬಿದನೂರಿನ ವೀಕ್ಷಣಾಲಯದ ಮಾತು ತೆಗಿ. ಅಲ್ಲಿ ಇಂಥ ದೊಡ್ಡ ಬಟ್ಟಲಿಲ್ಲ, ಬಯಲಲ್ಲಿ 'ಟಿ' ಆಕಾರದಲ್ಲಿ ಕಂಬ-ತಂತಿಯ ಆಂಟೆನಾ ಸಾಲು. ಅದೂ ರೇಡಿಯೋ ಟೆಲಿಸ್ಕೋಪೇ ಅಂದಾಗ ಇಲ್ಲಿನವರು ಕಿವಿ ನಿಮಿರಿಸ್ತಾರೆ. ಎಸ್‌ಕೆಎ (ಹಲವು ದೇಶ ಸೇರಿ ಕಟ್ತಿರೋ ದೈತ್ಯ ರೇಡಿಯೋ ಟೆಲಿಸ್ಕೋಪು) ಸಂಸ್ಥೆಯ ಮುಖ್ಯ ಕಚೇರಿ ಇರೋದೂ ಜಾಡ್ರೆಲ್ ಬ್ಯಾಂಕ್‌ನಲ್ಲೇ, ಭಾರತವೂ ಅದರಲ್ಲಿ ಪಾಲುದಾರ.

ಇನ್ನು ದುಡ್ಡಿನ ವಿಷಯ. ಸ್ಟೂಡೆಂಟ್ ವೀಸಾದಲ್ಲಿ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯೋ ಹಾಗಿಲ್ಲ. ಓದು ಮುಗಿದ ಮೇಲಿನ ಗ್ರಾಜುಯೇಟ್ ವೀಸಾ ಇಷ್ಟು ದಿನ ಎರಡು ವರ್ಷದ್ದಿತ್ತು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ಆಮೇಲೆ ಸ್ಕಿಲ್ಡ್ ವರ್ಕರ್ ವೀಸಾ ಬೇಕಂದ್ರೆ 2025ರ ಜುಲೈನಿಂದ ಸಾಮಾನ್ಯ ಮಿತಿ ವರ್ಷಕ್ಕೆ 41,700 ಪೌಂಡ್ ಸಂಬಳ. ಸಂದರ್ಶಕರ ಜೊತೆ ನಿಲ್ಲೋ ಕೆಲಸಕ್ಕೆ ಯಾರೂ ಅಷ್ಟು ಕೊಡಲ್ಲ. ಹಾಗಾಗಿ ನೆಲೆ ನಿಲ್ಲೋ ಆಸೆ ಇದ್ದರೆ ಕಾರ್ಯಕ್ರಮ ನಡೆಸೋ ಕಡೆಯ ವಿದ್ಯೆ ಕಲಿ: ಬಜೆಟ್, ಗ್ರಾಂಟ್ ಅರ್ಜಿ, ರಿಸ್ಕ್ ಅಸೆಸ್‌ಮೆಂಟ್. ಮಳೆ ಬಂದರೆ ಪಾರ್ಕಿಂಗ್ ಹುಲ್ಲುಗಾವಲು ಕೆಸರಾದಾಗ ಕಾರುಗಳನ್ನು ಎಲ್ಲಿ ನಿಲ್ಲಿಸೋದು ಅಂತ ಮುಂಚೇನೇ ಬರೆದಿಟ್ಟವರಿಗೆ ಇಲ್ಲಿ ಬೆಲೆ ಜಾಸ್ತಿ.

ಗೂಸ್ಟ್ರಿ ರೈಲು ಸ್ಟೇಶನ್ನಿಂದ ಅಲ್ಲಿಗೆ ಫುಟ್‌ಪಾತ್ ಇಲ್ಲದ ಹಳ್ಳಿ ರಸ್ತೆ, ಕತ್ತಲಲ್ಲಿ ನಡೆಯೋಕೆ ಹೋಗಬೇಡ. ನಮ್ಮ ಲೈಸೆನ್ಸ್‌ನಲ್ಲಿ ಮೊದಲ 12 ತಿಂಗಳು ಕಾರು ಓಡಿಸಬಹುದು, ಮರೆಯದೆ ತಾ. ಮಕ್ಕಳ ಜೊತೆ ಕೆಲಸ ಅಂದ್ರೆ ಹಿನ್ನೆಲೆ ಪರಿಶೀಲನೆ ಇರುತ್ತೆ, ಪಾಸ್‌ಪೋರ್ಟ್ ಆಫೀಸಿಂದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ಹೊರಡೋ ಮುಂಚೇನೇ ಮಾಡಿಸ್ಕೊಂಡು ಬಾ.