ಎರಡು ಹಸಿರಿನಲ್ಲಿ ಹಾಲ್‌ಗೆ ಯಾವುದು?

ಪ್ರಶ್ನೆ: ನಮ್ಮದು ಮೈಸೂರಿನಲ್ಲಿ ಹಳೇ ಮನೆ. ಹಾಲ್‌ನ ಕಿಟಕಿಗಳು ಪಶ್ಚಿಮಕ್ಕೆ, ನೆಲ ರೆಡ್ ಆಕ್ಸೈಡ್. ಗೋಡೆಗೆ ಹಸಿರು ಹೊಡೆಸೋಣ ಅಂತ ಎರಡು ಶೇಡ್ ಆರಿಸಿದ್ದೇವೆ. ಒಂದರಲ್ಲಿ ಸ್ವಲ್ಪ ಹಳದಿ ಇದೆ, ಇನ್ನೊಂದರಲ್ಲಿ ಬೂದು. ಕಾರ್ಡಿನಲ್ಲಿ ಎಲ್‌ಆರ್‌ವಿ 64 ಮತ್ತು 57 ಅಂತಿದೆ. ಪೇಂಟರ್ "ಎರಡೂ ಒಂದೇ ಅಲ್ವಾ ಮೇಡಂ" ಅನ್ನುತ್ತಾರೆ. ಯಾವುದನ್ನು ಹೊಡೆಸಲಿ?

ಉತ್ತರ: ಕಾರ್ಡಿನ ಮೇಲೆ ನೋಡಿದರೆ ಒಂದೇ. ಗೋಡೆ ತುಂಬಿದ ಮೇಲೆ ಬೇರೆ ಬೇರೆ. ಮೊದಲನೆಯದು ಬಾಳೆಯ ಸುಳಿ, ಎರಡನೆಯದು ಬಾಳೆಲೆಯ ಹಿಂಬದಿ ಅಂದುಕೊಳ್ಳಿ. ನಾನಾಗಿದ್ದರೆ ಹಿಂಬದಿಯನ್ನೇ ಆರಿಸುತ್ತಿದ್ದೆ. ಕಾರಣ ನಿಮ್ಮ ನೆಲ.

ಕೆಂಪಿನ ಪಕ್ಕದಲ್ಲಿ ಹಸಿರು ಇನ್ನಷ್ಟು ಹಸಿರಾಗಿ ಕಾಣುತ್ತದೆ. ಇದು ಹಳೇ ಕಥೆ. ಪ್ಯಾರಿಸ್ಸಿನ ಗೋಬ್ಲೆನ್ ನೇಯ್ಗೆ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ ನೋಡಿಕೊಳ್ಳುತ್ತಿದ್ದ ಶೆವ್ರಲ್ ಎಂಬ ರಸಾಯನ ವಿಜ್ಞಾನಿಗೆ ಕಪ್ಪು ನೂಲು ಮಂಕಾಗಿದೆ ಅಂತ ದೂರು ಬಂತು. ಹುಡುಕಿದರೆ ಬಣ್ಣದಲ್ಲಿ ತಪ್ಪಿರಲಿಲ್ಲ. ಪಕ್ಕದ ನೂಲುಗಳ ಬಣ್ಣದಿಂದ ಅದು ಹಾಗೆ ಕಾಣುತ್ತಿತ್ತು. 1839ರಲ್ಲಿ ಆತ ಇದರ ಮೇಲೆ ಒಂದು ದೊಡ್ಡ ಪುಸ್ತಕವನ್ನೇ ತಂದ. ನಿಮ್ಮ ಕೆಂಪು ನೆಲದ ಮೇಲೆ ಸುಳಿ ಹಸಿರು ಗಿಳಿ ಹಸಿರಿನ ಕಡೆ ವಾಲುತ್ತದೆ. ಸಂಜೆ ಬಿಸಿಲು ಒಳಗೆ ಬಂದಾಗ ಹಳದಿಯೂ ಜಾಸ್ತಿಯಾಗುತ್ತದೆ. ಬೂದು ಬೆರೆತದ್ದು ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ.

ಎಲ್‌ಆರ್‌ವಿ ಅಂದರೆ ಗೋಡೆಗೆ ಬಿದ್ದ ಬೆಳಕಿನಲ್ಲಿ ಎಷ್ಟು ವಾಪಸ್ ಬರುತ್ತದೆ ಅನ್ನುವ ಲೆಕ್ಕ. ಕಡುಕಪ್ಪು 0, ಅಚ್ಚ ಬಿಳಿ 100. 57 ಇದ್ದರೆ ಹಾಲ್ ಒಂಚೂರು ಮಂಕಾದೀತು, ಅಷ್ಟೇ.

ರಾತ್ರಿ ಯಾವ ದೀಪ ಹಾಕುತ್ತೀರಿ ಅಂತ ನೀವು ಬರೆದಿಲ್ಲ. 3000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಹಳದಿ ಬಲ್ಬ್ ಆದರೆ ಬೂದು ಹಸಿರು ಕೆಸರಿನ ಹಾಗೆ ಕಾಣಬಹುದು. ಅಷ್ಟು ಹಳದಿಯಿಲ್ಲದ 4000 ಕೆಲ್ವಿನ್‌ನದ್ದು ಹಾಕಿ.

ನನ್ನ ಮಾತು ನಂಬಿ ಡಬ್ಬ ತರಬೇಡಿ, ಮೊದಲು ಸ್ಯಾಂಪಲ್ ನೋಡಿ. ಅದನ್ನು ಹಳೇ ಗೋಡೆಯ ಮೇಲೆ ಹಚ್ಚಿದರೆ ಸುತ್ತಲಿನ ಹಳೇ ಬಣ್ಣ ಮೋಸ ಮಾಡುತ್ತದೆ. ಎರಡಡಿ ಚದರದ ಬಿಳಿ ಡ್ರಾಯಿಂಗ್ ಹಾಳೆಗೆ ಎರಡು ಕೋಟ್ ಹೊಡೆದು, ಪೂರ್ತಿ ಒಣಗಲು ಬಿಡಿ. ಎಮಲ್ಷನ್ ಒಣಗಿದ ಮೇಲೆ ಸಾಮಾನ್ಯವಾಗಿ ಗಾಢವಾಗುತ್ತದೆ. ಆಮೇಲೆ ನೆಲಕ್ಕೆ ತಾಗಿಸಿ ನಿಲ್ಲಿಸಿ, ಬೆಳಿಗ್ಗೆ, ಸಂಜೆ ನಾಲ್ಕಕ್ಕೆ, ದೀಪ ಹಾಕಿದ ಮೇಲೆ ನೋಡಿ. ಎರಡನ್ನೂ ಅಕ್ಕಪಕ್ಕ ಇಡಬೇಡಿ. ಗೋಡೆಯ ಮೇಲೆ ಇರುವುದು ಒಂದೇ ತಾನೇ? ಒಂದೊಂದು ದಿನ ಒಂದೊಂದು ಹಾಳೆ ಇಟ್ಟು ನೋಡಿ.

ಹಾಲ್‌ಗೆ ಬೇಕಾದಷ್ಟನ್ನು ಒಂದೇ ಸಲ ಮಿಕ್ಸ್ ಮಾಡಿಸಿ. ಡಬ್ಬಗಳನ್ನೆಲ್ಲ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿಸಿಕೊಳ್ಳಿ, ಇಲ್ಲದಿದ್ದರೆ ಗೋಡೆಯ ಮಧ್ಯೆ ಗೆರೆ ಬೀಳಬಹುದು. ಪೇಂಟರ್‌ಗೆ ಎರಡೂ ಒಂದೇ ಅನ್ನಿಸುತ್ತಿರುವುದರಿಂದ, ಶೇಡಿನ ಹೆಸರು ಹೇಳಿ ಸುಮ್ನಾಗಬೇಡಿ. ಕೋಡ್ ನಂಬರನ್ನೇ ಚೀಟಿಯಲ್ಲಿ ಬರೆದು ಕೊಡಿ.