12345679ನ್ನು 9ರಿಂದ ಗುಣಿಸಿದರೆ ಬರೀ ಒಂದುಗಳೇ ಬರೋದು ಯಾಕೆ? ಅದರಲ್ಲಿ 8 ಯಾಕಿಲ್ಲ?

ಎರಡಕ್ಕೂ ಉತ್ತರ ಒಂದೇ: ಒಂಬತ್ತು ಒಂದುಗಳಿರುವ 111111111ನ್ನು 9ರಿಂದ ಭಾಗಿಸಿದರೆ ಸಿಗುವುದೇ 12345679. ಆ ಭಾಗಾಕಾರದ ಕೊನೆಯ ಹೆಜ್ಜೆಯಲ್ಲಿ 8 ತಪ್ಪಿಹೋಗುತ್ತದೆ.

ಶಾಲೆಯಲ್ಲಿ ಮಾಡಿದ ಹಾಗೆ ಭಾಗಿಸಿ ನೋಡಿ. 11ರಲ್ಲಿ 9 ಒಂದು ಸಲ ಹೋಗುತ್ತದೆ, ಶೇಷ 2. ಮುಂದಿನ 1 ಇಳಿಸಿದರೆ 21. ಅದರಲ್ಲಿ ಎರಡು ಸಲ, ಶೇಷ 3. ಮತ್ತೆ 1 ಇಳಿಸಿದರೆ 31. ಮೂರು ಸಲ, ಶೇಷ 4. ಶೇಷ ಪ್ರತಿ ಸಲ ಒಂದೊಂದೇ ಜಾಸ್ತಿಯಾಗುತ್ತದೆ, ಹಿಂದಿನ ಶೇಷವೇ ಭಾಗಲಬ್ಧದಲ್ಲಿ ಮುಂದಿನ ಅಂಕಿಯಾಗಿ ಕೂರುತ್ತದೆ. 71ರವರೆಗೂ ಇದೇ ಕಥೆ: ಏಳು ಸಲ, ಶೇಷ 8. ಈಗ 1 ಇಳಿಸಿದರೆ 81. ಇದೇ ವರಸೆಯಲ್ಲಿ ಹೋದರೆ ಎಂಟು ಸಲ, ಶೇಷ 9 ಬರಬೇಕಿತ್ತು. ಆದರೆ 9ರಿಂದ ಭಾಗಿಸುವಾಗ 9 ಸುಮ್ನೆ ಉಳಿಯೋಕೆ ಆಗಲ್ಲ ಅಲ್ವಾ? ಅದನ್ನೂ ಇನ್ನೊಂದು ಸಲ ಭಾಗಿಸಬಹುದು. ಹಾಗಾಗಿ ಎಂಟು ಹೋಗಿ ಒಂಬತ್ತಾಗುತ್ತದೆ, ಶೇಷ ಸೊನ್ನೆ.

ಬೇರೆ ಅಂಕಿಗಳ ಆಟವೂ ಇದರಿಂದಲೇ ಬರುತ್ತದೆ. ಎಲ್ಲಾ 7 ಬೇಕಾ? 9 × 7, ಅಂದರೆ 63ರಿಂದ ಗುಣಿಸಿ, 777777777 ಸಿಗುತ್ತದೆ. ನನಗಂತೂ ಇದಕ್ಕಿಂತ ಇಷ್ಟ 8ರಿಂದ ಗುಣಿಸುವುದು: 98765432! 8 ವಾಪಸ್ ಬಂತು, ಈ ಸಲ 1 ಮಾಯ. ಒಂಬತ್ತರಷ್ಟರಲ್ಲಿ ಒಂದರಷ್ಟು ಕಳೆದರೆ ಎಂಟರಷ್ಟು ತಾನೆ? 111111111 ರಿಂದ 12345679 ಕಳೆದು ನೋಡಿ, ಅದೇ ಬರುತ್ತದೆ.

ಅಂದಹಾಗೆ, ನೋಡೋಕೆ ಹಾಗನ್ನಿಸಿದರೂ 12345679 ಅವಿಭಾಜ್ಯ ಸಂಖ್ಯೆಯಲ್ಲ. 37 × 333667 ಮಾಡಿದರೆ ಸಿಗುವುದು ಇದೇ.